ಬಣ್ಣದ ಮೇಷ್ಟ್ರು ಆಂಪ್ಲಿಫೈಯರ್ ಕೂರಿಸಿದ್ದು

ನನ್ನ ಗಂಡನನ್ನು ನಾನು ಮೊದಲು ನೋಡಿದ್ದು ನನ್ನದೇ ಬಸ್ಸಿನಲ್ಲಿ. ನಾನು ಕಂಡಕ್ಟರ್ ಕೆಲಸಕ್ಕೆ ಸೇರಿ ಆಗ ಎರಡು ತಿಂಗಳಾಗಿತ್ತು. ಟಿಕೆಟ್ ಕೊಟ್ಟು "ಮುಂದೆ ಹೋಗಿ" ಎಂದರೆ ಈ ಮನುಷ್ಯ ಹೋಗಲಿಲ್ಲ. "ನಿಮ್ಮ ಬಸ್ಸಿನ ಹಿಂದಿನ ಬಾಗಿಲು ಬೇರೆ ಬಸ್ಸಿಂದು, ಗೊತ್ತಾ? ಕೆಂಪಲ್ಲಿ ಒಂದು ಚೂರು ಹಳದಿ ಜಾಸ್ತಿ ಇದೆ" ಎಂದರು. ಹುಡುಗಿಯರನ್ನು ಮಾತಿಗೆಳೆಯುವ ಹತ್ತಾರು ದಾರಿ ನಾನು ಕಂಡಿದ್ದೆ, ಈ ದಾರಿ ಕಂಡಿರಲಿಲ್ಲ. ಸಂಜೆ ಡಿಪೋದಲ್ಲಿ ವಿಚಾರಿಸಿದೆ. ಬಾಗಿಲು ನಿಜವಾಗಿಯೂ ಬೇರೆ ಬಸ್ಸಿನದು, ಬದಲಾಯಿಸಿ ಆರು ವರ್ಷವಾಗಿತ್ತಂತೆ. ಆರು ವರ್ಷದಲ್ಲಿ ಒಂದು ನರಪಿಳ್ಳೆಯ ಕಣ್ಣಿಗೂ ಬೀಳದ್ದು ಇವರ ಕಣ್ಣಿಗೆ ಬಿದ್ದಿತ್ತು. ಇದಾಗಿ ಇಪ್ಪತ್ತಾರು ವರ್ಷವಾಯಿತು. ಮುಂದೆ ಹೋಗಿ ಎಂದರೆ ಇವತ್ತಿಗೂ ಹೋಗಿಲ್ಲ, ನನ್ನ ಪಕ್ಕದಲ್ಲೇ ನಿಂತಿದ್ದಾರೆ.

ಗ್ಯಾರೇಜಿನ ಸಾಲಿನಲ್ಲಿ ಎಲ್ಲರೂ ಇವರನ್ನು ಬಣ್ಣದ ಮೇಷ್ಟ್ರು ಎನ್ನುತ್ತಿದ್ದರು. ಗುದ್ದಿಸಿಕೊಂಡು ಬಂದ ಕಾರಿಗೆ ಬಣ್ಣ ಹೊಡೆಯುವುದು ಇವರ ಕೆಲಸ. ಬಿಸಿಲಿಗೆ ಮಾಸಿದ ಬಣ್ಣಕ್ಕೆ ಹೊಸ ಬಣ್ಣ ಕಲೆಸಿ ಹೊಂದಿಸುವುದಿದೆಯಲ್ಲ, ಅದು ಪುಸ್ತಕ ನೋಡಿ ಬರುವ ವಿದ್ಯೆಯಲ್ಲ. ಒಮ್ಮೆ ಕಾರಿನ ಯಜಮಾನರೊಬ್ಬರು ಬಂದು, "ಯಾವ ಬಾಗಿಲಿಗೆ ಬಣ್ಣ ಹೊಡೆದಿದ್ದೀರಿ, ತೋರಿಸಿ" ಎಂದು ಜಗಳಕ್ಕೆ ನಿಂತರು. ಕೆಲಸವನ್ನೇ ಮಾಡಿಲ್ಲ ಎಂಬ ಗುಮಾನಿ ಅವರಿಗೆ. ಇವರೂ ಕಾರನ್ನು ಎರಡು ಸುತ್ತು ಸುತ್ತಿದರು, ಕೊನೆಗೆ ರಿಜಿಸ್ಟರ್ ನೋಡಿ ಹೇಳಬೇಕಾಯಿತು.

ಇಷ್ಟು ಹೇಳಿದ ಮೇಲೆ ಇವರ ಕೆಟ್ಟ ಗುಣವನ್ನೂ ಹೇಳಬೇಕು. ತಾನು ಬಳಿಯುವ ಕಡೆ ಇನ್ನೊಬ್ಬರ ಕೈ ಬರಕೂಡದು. ನಮ್ಮ ಮನೆಯ ಕಿಟಕಿಗೆ ನಾನೊಮ್ಮೆ ಬ್ರಷ್ ಆಡಿಸಲು ಹೋದಾಗ, ನಾಲ್ಕು ಎಳೆ ಎಳೆಯುವಷ್ಟರಲ್ಲಿ "ಬ್ರಷ್ ಕೆಳಗಿಡು" ಎಂದರು. ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಬಂದವರಿಗೆಲ್ಲ ಇದೇ ಮಾತು. ಚೆನ್ನಾಗಿದೆ ಎಂಬ ಪದ ಇವರ ಬಾಯಲ್ಲಿಲ್ಲ. ತೀರಾ ಮೆಚ್ಚಿದರೆ, "ಕಲೀತಾನೆ" ಎನ್ನುತ್ತಾರೆ. ಮೂವತ್ತೇಳು ವರ್ಷದಲ್ಲಿ ಆ ಮಾತನ್ನು ಇಬ್ಬರಿಗೆ ಹೇಳಿದ್ದಾರೆ. ಇಬ್ಬರೂ ಈಗ ಸ್ವಂತ ಗ್ಯಾರೇಜು ಇಟ್ಟಿದ್ದಾರೆ.

ಆ ಮೂವತ್ತೇಳು ವರ್ಷ ಕಳೆದ ವರ್ಷ ಒಂದೇ ಬೆಳಿಗ್ಗೆ ಮುಗಿಯಿತು. ಕೆಮ್ಮು ಬಹಳ ದಿನದಿಂದ ಇತ್ತು. ಮುಖಕ್ಕೆ ಮಾಸ್ಕ್ ಹಾಕಿ ಎಂದು ನಾನು ಬಡಿದುಕೊಂಡದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು. "ಮಾಸ್ಕ್ ಹಾಕಿದ್ರೆ ವಾಸನೆ ಗೊತ್ತಾಗಲ್ಲ, ವಾಸನೆ ಗೊತ್ತಾಗದಿದ್ರೆ ಬಣ್ಣಕ್ಕೆ ಬೆರೆಸೋ ಥಿನ್ನರ್ ಎಷ್ಟಾಯ್ತು ಅಂತ ಹೇಗೆ ಹೇಳೋದು?" ಎನ್ನುತ್ತಿದ್ದರು. ಡಾಕ್ಟರು ಇವರ ಕೈಗೆ ಒಂದು ಕೊಳವೆ ಕೊಟ್ಟು ಊದಿಸಿದರು, ಇನ್ನೊಮ್ಮೆ ಊದಿಸಿದರು. ಬಂದ ಅಂಕಿಯನ್ನು ನೋಡಿ, "ಇನ್ನು ಬಣ್ಣದ ಹತ್ತಿರ ಸುಳೀಬಾರದು. ಡಬ್ಬಿ ಮುಚ್ಚಳ ಕೂಡ ತೆಗೀಬಾರದು" ಎಂದರು. ಇವರು ಕೊಳವೆಯನ್ನು ಮೇಜಿನ ಮೇಲಿಟ್ಟು, "ಈ ಗೋಡೆಗೆ ಇಬ್ಬರು ಬಣ್ಣ ಹೊಡೆದಿದ್ದಾರೆ" ಎಂದರು. ನನಗೆ ಅಳು ಬಂತು. ನಾನು ಇವರ ಮುಂದೆ ಅತ್ತದ್ದು ಅಪರೂಪ, ಅವತ್ತು ಅತ್ತೆ.

ಗ್ಯಾರೇಜಿನ ಮಾಲೀಕರು ಒಳ್ಳೆಯವರು. ಮುಂದಿನ ಕೌಂಟರಿನಲ್ಲಿ ಕುಳಿತು ಗಿರಾಕಿಗಳನ್ನು ನೋಡಿಕೊಳ್ಳಿ ಎಂದರು. ಅದು ಒಂದು ವಾರ ನಡೆಯಿತು. ಬಂದವರಿಗೆಲ್ಲ ಇವರು, "ನಿಮ್ಮ ಬಾನೆಟ್ ಬಣ್ಣ ಕೆಟ್ಟದಾಗಿ ಹೊಡೆದಿದ್ದಾರೆ" ಎಂದು ಸತ್ಯ ಹೇಳತೊಡಗಿದರು. ಕೆಲವರಿಗೆ ಅದನ್ನು ಹೊಡೆದದ್ದು ಅದೇ ಗ್ಯಾರೇಜು. ಆಮೇಲೆ ಮನೆಯಲ್ಲಿ ಕುಳಿತರು. ಆರು ತಿಂಗಳು. ಬೀದಿಯಲ್ಲಿ ನಿಂತ ಕಾರುಗಳ ಸುತ್ತ ಕೈಕಟ್ಟಿ ಓಡಾಡುವುದು, ಬಂದು ಕೂರುವುದು. ಐವತ್ತಮೂರನೆಯ ವಯಸ್ಸಿಗೆ ನನ್ನ ಗಂಡ ಮೂಲೆ ಹಿಡಿದದ್ದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ಪಾಪ ನನ್ನ ಪ್ರಯಾಣಿಕರು ಅನುಭವಿಸಿದರು.

ಒಂದು ಬುಧವಾರ ಡ್ಯೂಟಿ ಮುಗಿಸಿ ಬಂದರೆ ಅಡುಗೆಮನೆಯ ಮೇಜಿನ ಮೇಲೆ ಕಪ್ಪಗಿನ ಒಂದು ಲೋಹದ ಪೆಟ್ಟಿಗೆ, ಅದರ ಪಕ್ಕ ಸುರುಳಿ ಸುತ್ತಿದ ಕೆಂಪು, ಕಪ್ಪು, ನೀಲಿ ವೈರು.

"ಏನ್ರೀ ಇದು?"

"ಆಂಪ್ಲಿಫೈಯರ್. ಕಾರಿನ ಸ್ಟೀರಿಯೋದಿಂದ ಬರೋ ಸಣ್ಣ ದನೀನ ದೊಡ್ಡದು ಮಾಡಿ ಸ್ಪೀಕರಿಗೆ ಕೊಡೋದು."

"ಅಂದ್ರೆ ಕಂಡಕ್ಟರ್ ಅನ್ನಿ. ಡ್ರೈವರ್ ಪಿಸುಗುಟ್ಟಿದ್ದನ್ನ ಕೂಗಿ ಹೇಳೋದು."

ಇವರು ನಗಲಿಲ್ಲ. ಬಸ್ ಡಿಪೋದ ಹಿಂದೆ ಕಾರಿನ ಸ್ಟೀರಿಯೋ, ಸೀಟ್ ಕವರ್ ಹಾಕುವ ಒಂದು ಅಂಗಡಿಯಿದೆ. ನಡೆಸುವುದು ಒಬ್ಬ ಹೆಂಗಸು, ಎಲ್ಲರಿಗೂ ಅವರು ಮೇಡಂ. ನನಗೆ ಒಂದು ಮಾತೂ ಹೇಳದೆ ಇವರು ಅಲ್ಲಿಗೆ ಹೋಗಿ ಕೆಲಸ ಕೇಳಿದ್ದರು. ಮೇಡಂ ಹೇಳಿದ್ದನ್ನು ಇವರು ಹಾಗೇ ಒಪ್ಪಿಸಿದರು. "ನನ್ನ ಇಬ್ಬರು ಫಿಟ್ಟರುಗಳ ವಯಸ್ಸು ಕೂಡಿಸಿದ್ರೂ ನಿಮ್ಮ ವಯಸ್ಸಾಗಲ್ಲ ಮೇಷ್ಟ್ರೇ. ಬಣ್ಣ ಬೇರೆ, ಕರೆಂಟ್ ಬೇರೆ. ಆದ್ರೂ ಇಲ್ಲ ಅನ್ನಲ್ಲ. ಈ ಆಂಪ್ಲಿಫೈಯರ್ ತಗೊಂಡು ಹೋಗಿ ನಿಮ್ಮ ಕಾರಿಗೇ ಕೂರಿಸಿ. ಕೆಲಸ ಗೊತ್ತಿರೋರ ಕೈ ಅದಕ್ಕೆ ಸೋಕಬಾರದು. ಸೋಮವಾರ ಬೆಳಿಗ್ಗೆ ತನ್ನಿ, ಕೇಳ್ತೀನಿ. ಸರಿಯಿದ್ರೆ ಅವತ್ತೇ ಕೆಲಸ. ಇಲ್ಲದಿದ್ರೆ ಬೇಜಾರು ಮಾಡ್ಕೋಬೇಡಿ."

ಬುಧವಾರದಿಂದ ಸೋಮವಾರಕ್ಕೆ ಎಷ್ಟು ದಿನ ಎಂದು ನಾನು ಬೆರಳು ಮಡಚಿದೆ.

ನಮ್ಮ ಕಾರಿನ ಎಂಜಿನ್ ವಿಷಯ ಎತ್ತಬೇಡಿ. ಗುಜರಿಗೆ ಹೋಗುವುದನ್ನು ತಂದು ನಿಲ್ಲಿಸಿದ್ದು ಅದು. ಆದರೆ ಅದರ ಬಣ್ಣ ಯಾವ ಕಂಪನಿಯ ಪುಸ್ತಕದಲ್ಲೂ ಸಿಗದ ಹಸಿರು. ಇವರೇ ಕಲೆಸಿದ್ದು, ಅದರ ಲೆಕ್ಕ ಇವರ ತಲೆಯಲ್ಲಿ ಮಾತ್ರ ಇದೆ. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದವರು ಗಾಜು ಇಳಿಸಿ ಕೇಳುತ್ತಾರೆ. ಆಗ ನಾನು ರಾಣಿಯ ಹಾಗೆ ಕುಳಿತಿರುತ್ತೇನೆ.

ಗುರುವಾರ ಕೆಲಸ ಶುರುವಾಯಿತು. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಅದರ ನಟ್ಟನ್ನು ಒಂದು ಲೋಟದಲ್ಲಿ ಹಾಕಿಟ್ಟರು. ಸೀಟುಗಳು ಅಂಗಳಕ್ಕೆ ಬಂದವು, ಮ್ಯಾಟು ಗೋಡೆಯ ಮೇಲೆ ಬಿತ್ತು. ಬ್ಯಾಟರಿಯಿಂದ ದಪ್ಪ ಕೆಂಪು ವೈರು ಹಿಂದಿನ ಡಿಕ್ಕಿಯವರೆಗೆ ಬರಬೇಕು. ಬ್ಯಾಟರಿಯಿಂದ ಒಂದು ಗೇಣಿನೊಳಗೇ ಅದಕ್ಕೊಂದು ಫ್ಯೂಸ್ ಇರಬೇಕು, ಇಲ್ಲದಿದ್ದರೆ ಎಲ್ಲಾದರೂ ತಗಡಿಗೆ ತಾಗಿ ಕಾರೇ ಹೊತ್ತಿಕೊಂಡೀತು. ಎಂಜಿನ್ ಕಡೆಯಿಂದ ಒಳಗೆ ವೈರು ತರಲು ಹೊಸಬರು ತೂತು ಕೊರೆಯುತ್ತಾರಂತೆ. ಇವರು ಕೊರೆಯಲಿಲ್ಲ. ಕಾರಿನ ಮೈಯನ್ನು ಬರಿದು ಮಾಡಿ ನೋಡಿದವರಿಗೆ ಅದರ ಪ್ರತಿ ತೂತೂ ಗೊತ್ತು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿ, ಕಣ್ಣು ಮುಚ್ಚಿ, ಒಂದು ರಬ್ಬರ್ ಬಿರಡೆಯನ್ನು ಹುಡುಕಿ ಅದರೊಳಗಿಂದ ವೈರು ಎಳೆದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆರು ತಿಂಗಳ ಮೇಲೆ ಇವರು ಶಿಳ್ಳೆ ಹಾಕುತ್ತಿದ್ದರು.

ಶುಕ್ರವಾರ ಕೆಂಪು ವೈರನ್ನು ಕಾರಿನ ಎಡಬದಿಯಲ್ಲಿ, ದನಿ ಒಯ್ಯುವ ತೆಳು ವೈರನ್ನು ಬಲಬದಿಯಲ್ಲಿ ಮ್ಯಾಟಿನ ಕೆಳಗೆ ಹಾಸಿದರು. ಎರಡೂ ಅಕ್ಕಪಕ್ಕ ಹೋದರೆ ದನಿಯಲ್ಲಿ ಗಲೀಜು ಸೇರುತ್ತದಂತೆ. ಸ್ಟೀರಿಯೋ ಶುರುವಾದಾಗ ಆಂಪ್ಲಿಫೈಯರನ್ನು ಎಬ್ಬಿಸಲು ಇನ್ನೊಂದು ನೀಲಿ ವೈರು. ಕಾಗದದಲ್ಲಿದ್ದ ಚಿತ್ರವನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು. ಅಳೆದು ತೂಗಿ ಮಾಡುವುದು ಎಂದರೆ ಇದು. ಒಂದು ಗಂಟೂ ಅಡ್ಡಾದಿಡ್ಡಿ ಇರಲಿಲ್ಲ.

ಶನಿವಾರ ನನಗೆ ಬೆಳಗಿನ ಪಾಳಿ. ಎರಡು ಗಂಟೆಗೆ ಮನೆಗೆ ಬಂದಾಗ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಬೆನ್ನಿಗೆ ಹಲಗೆ ಕೊಟ್ಟು ಕೂರಿಸಿಯಾಗಿತ್ತು. ಉಳಿದದ್ದು ಕಪ್ಪು ವೈರು. ಅದನ್ನು ಕಾರಿನ ಮೈಗೇ ಬೋಲ್ಟ್ ಹಾಕಿ ಬಿಗಿಯಬೇಕು. ಬಣ್ಣವನ್ನು ಪೂರ್ತಿ ಕೆರೆದು ಬರಿ ತಗಡು ಮಾಡಿ ಬಿಗಿಯಬೇಕು ಎಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಡಿಕ್ಕಿಯ ನೆಲದಲ್ಲಿ ನಾಣ್ಯದಗಲ ಜಾಗವನ್ನು ಉಜ್ಜುಕಾಗದದಿಂದ ಉಜ್ಜುತ್ತಿದ್ದರು. ನಾನು ಕಿಟಕಿಯಿಂದ ಊಟಕ್ಕೆ ಕರೆದೆ. "ಒಂದೇ ನಿಮಿಷ" ಎಂದರು. ಇನ್ನೊಮ್ಮೆ ಕರೆದ ಮೇಲೆ ಬಂದರು. ಊಟ ಮಾಡಿ ಹೋಗಿ ಬೋಲ್ಟ್ ಬಿಗಿದರು, ಲೋಟದಿಂದ ನಟ್ಟು ತೆಗೆದು ಬ್ಯಾಟರಿಗೆ ಹಾಕಿದರು, ನನ್ನನ್ನು ಕೂಗಿದರು.

ಸ್ಟೀರಿಯೋ ಹಾಕಿದಾಗ ಹಾಡು ಬಂತು. ಹಾಡೆಂದರೆ ಹಾಡು, ನನ್ನ ಕುತ್ತಿಗೆಯ ಹತ್ತಿರ ಕುಳಿತು ಹಾಡಿದಂತಿತ್ತು. ಇವರು ಎಂಜಿನ್ ಶುರು ಮಾಡಿದರು. ಹಾಡಿನ ಹಿಂದಿನಿಂದ ಕುಂಯ್ ಎಂದು ಒಂದು ಕೊರೆತ ಎದ್ದಿತು. ಆಕ್ಸಿಲರೇಟರ್ ಒತ್ತಿದರೆ ಕೊರೆತವೂ ಏರಿತು, ಬಿಟ್ಟರೆ ಇಳಿಯಿತು. ದನಿ ಸ್ವಲ್ಪ ಜಾಸ್ತಿ ಮಾಡಿದರೆ ಆಂಪ್ಲಿಫೈಯರ್ ಪಟಕ್ಕೆಂದು ಆರಿತು, ಮತ್ತೆ ಹತ್ತಿತು, ಮತ್ತೆ ಆರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಶನಿವಾರ ಸಂಜೆ ಹೋಯಿತು. ಭಾನುವಾರ ಬೆಳಿಗ್ಗೆಯೂ ಹೋಯಿತು. ಬಲಬದಿಯ ವೈರು ಪೂರ್ತಿ ತೆಗೆದು ಮತ್ತೆ ಹಾಸಿದರು. ಫ್ಯೂಸ್ ಬದಲಾಯಿಸಿದರು. ಸ್ಪೀಕರಿನ ತುದಿಗಳನ್ನು ಬಿಚ್ಚಿ ಕಟ್ಟಿದರು. ಕುಂಯ್ ಮಾತ್ರ ಹಾಗೇ ಇತ್ತು. ತಿಂಡಿಯನ್ನೂ ತಿನ್ನಲಿಲ್ಲ. ಶಿಳ್ಳೆಯಂತೂ ನಿಂತೇಹೋಗಿತ್ತು. ನಾಳೆ ಇದೇ ಕೊರೆತ ಇಟ್ಟುಕೊಂಡು ಹೋದರೆ ಮೇಡಂ ಬೇಡ ಎನ್ನುತ್ತಾರೆ, ಇವರು ಮತ್ತೆ ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ, ಈ ಸಲ ಏಳುವುದಿಲ್ಲ. ಅದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಹಾಗಾಗಿ ನಾನೊಂದು ತಪ್ಪು ಮಾಡಿದೆ. ನಮ್ಮ ಬೀದಿಯ ಕೊನೆಯಲ್ಲಿ ಕಾರಿನ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಒಬ್ಬನಿದ್ದಾನೆ. ಇವರನ್ನು ಅಣ್ಣ ಎನ್ನುತ್ತಾನೆ, ನನ್ನನ್ನು ಅತ್ತಿಗೆ ಎನ್ನುತ್ತಾನೆ. ಅವನನ್ನು ಕರೆದುಕೊಂಡು ಬಂದೆ. ಬಂದವನು ಕೊರೆತವನ್ನು ಒಂದು ಸಲ ಕೇಳಿ ಮುಗುಳ್ನಕ್ಕ.

"ಅಣ್ಣ, ಏಳಿ ಪಕ್ಕಕ್ಕೆ. ಹತ್ತು ನಿಮಿಷದ ಕೆಲಸ."

ಇವರು ಏಳಲಿಲ್ಲ. "ನಿನ್ನ ಯಾರು ಕರೆದಿದ್ದು?"

ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

"ಮೇಡಂಗೆ ಯಾರು ಹೇಳ್ತಾರೆ ಅಣ್ಣ. ನಾನಂತೂ ಹೇಳಲ್ಲ."

"ನಾನು ಹೇಳಬೇಕಾಗುತ್ತೆ" ಎಂದರು ಇವರು. "ಇವತ್ತು ನೀನು ಮಾಡಿಕೊಡ್ತೀಯ. ಮಂಗಳವಾರ ಅಂಗಡಿಗೆ ಬರೋ ಕಾರಿಗೆ ಯಾರು ಮಾಡಿಕೊಡ್ತಾರೆ? ಹೋಗಿ ಬಾ ತಮ್ಮ. ಬೇಜಾರಾಗಬೇಡ."

ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ನಿನಗೂ ನಂಬಿಕೆ ಇಲ್ವಾ?" ಎಂದರು. ಬಸ್ಸು ತುಂಬ ಜನ ಒಟ್ಟಿಗೆ ಬಾಯಿ ಮಾಡಿದರೂ ನಾನು ಉತ್ತರಕ್ಕೆ ತಡವರಿಸಿದವಳಲ್ಲ. ಅವತ್ತು ಒಳಗೆ ಹೋಗಿ ಪಾತ್ರೆ ತೊಳೆದೆ, ತೊಳೆದಿದ್ದ ಪಾತ್ರೆಯನ್ನೇ ತೊಳೆದೆ.

ಮೂರು ಗಂಟೆಯ ಹೊತ್ತಿಗೆ, "ಇಲ್ಲಿ ಬಾರೇ" ಎಂಬ ದನಿ ಕೇಳಿಸಿತು. ಇವರು ಡಿಕ್ಕಿಯ ಅಂಚಿನ ಮೇಲೆ ಕುಳಿತಿದ್ದರು. ಕಪ್ಪು ವೈರಿನ ಬೋಲ್ಟ್ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡಿದ್ದರು. ಬೋಲ್ಟಿನ ಜಾಗದಲ್ಲಿ ನಾಣ್ಯದಗಲ ಬೂದು ತಳಬಣ್ಣ, ನಯವಾಗಿ, ದುಂಡಗೆ.

"ಇಲ್ಲಿಗೆ ಪ್ರೈಮರ್ ಬಳಿದಿದ್ದು ಯಾರು?"

"ನನ್ನ ಯಾಕೆ ಕೇಳ್ತೀರಿ? ಈ ಮನೇಲಿ ಬಣ್ಣದ ಡಬ್ಬಿ ಮುಟ್ಟೋ ಧೈರ್ಯ ಯಾರಿಗಿದೆ?"

ಇಬ್ಬರೂ ಸ್ವಲ್ಪ ಹೊತ್ತು ಆ ಬೂದು ಚುಕ್ಕೆಯನ್ನು ನೋಡಿದೆವು. ಆಗ ನನಗೆ ಆ "ಒಂದೇ ನಿಮಿಷ" ನೆನಪಾಯಿತು. ಶನಿವಾರ ಊಟಕ್ಕೆ ಕುಳಿತಾಗ ಇವರ ಕೈಯಲ್ಲಿ ಪ್ರೈಮರಿನ ವಾಸನೆ ಇತ್ತು. ಇಷ್ಟು ವರ್ಷ ಅದೇ ವಾಸನೆಗೆ ಊಟ ಬಡಿಸಿದವಳಿಗೆ ಅದು ವಾಸನೆ ಅನ್ನಿಸಲೇ ಇಲ್ಲ.

ವಿಷಯ ಇಷ್ಟೇ. ಇವರಿಗೆ ಕೆಲಸ ಕಲಿಸಿದ ಹಿರಿಯ ಪೇಂಟರ್ ಒಬ್ಬರಿದ್ದರು. ತಗಡನ್ನು ಬೆತ್ತಲೆ ಬಿಟ್ಟು ಊಟಕ್ಕೂ ಏಳಬಾರದು, ನಿದ್ದೆಗೂ ಹೋಗಬಾರದು ಎಂಬುದು ಅವರ ಕಟ್ಟಪ್ಪಣೆ. ಬೆತ್ತಲೆ ತಗಡಿಗೆ ಗಾಳಿ ಸಾಕು, ತುಕ್ಕು ಒಳಗೇ ಮನೆ ಮಾಡುತ್ತದೆ. ಹದಿನಾರನೆಯ ವಯಸ್ಸಿನಲ್ಲಿ ಗುಂಡುಸೂಜಿಯ ತಲೆಯಷ್ಟು ಜಾಗ ಬಿಟ್ಟು ಊಟಕ್ಕೆ ಹೋದದ್ದಕ್ಕೆ ಇವರು ಬೆನ್ನಿಗೆ ಬರೆ ಬರುವಂತೆ ಹೊಡೆತ ತಿಂದಿದ್ದರು. ಅಂದಿನಿಂದ ಕೈಗೆ ಅಭ್ಯಾಸವಾಗಿಹೋಗಿದೆ. ಊಟಕ್ಕೆ ಕರೆ ಬಂದ ಕೂಡಲೇ ಸಾಮಾನಿನ ಪೆಟ್ಟಿಗೆಯಿಂದ ಹಳೆಯ ಪ್ರೈಮರ್ ಬುಡ್ಡಿ ತೆಗೆದು, ಒಂದು ಕೈ ಬಳಿದು, ಎದ್ದು ಬಂದಿದ್ದಾರೆ. ತಲೆಗೆ ಗೊತ್ತೇ ಆಗಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಲಿತ ಗುಣವೂ ಹೋಗುವುದಿಲ್ಲ. ಬಣ್ಣದ ಮೇಲೆ ಬಿಗಿದ ವೈರಿಗೆ ತಗಡು ಸರಿಯಾಗಿ ತಾಗಿರಲಿಲ್ಲ, ಅದಕ್ಕೇ ಆ ಕೊರೆತ. ಬಸ್ಸಿನ ಬಾಗಿಲಿನ ಒಂದು ಚೂರು ಹಳದಿ ಕಂಡ ಕಣ್ಣಿಗೆ ಎರಡು ದಿನ ಆ ಬೂದು ಚುಕ್ಕೆ ತಪ್ಪೆಂದು ಕಾಣಲಿಲ್ಲ. ಪ್ರೈಮರ್ ಇರುವ ತಗಡೇ ಇವರ ಕಣ್ಣಿಗೆ ಸರಿಯಾದ ತಗಡು.

"ಮಾಡಿದ್ದುಣ್ಣೋ ಮಹಾರಾಯ" ಎಂದೆ ನಾನು. ಇವರು ನಕ್ಕರು. ಕೆಮ್ಮು ಬರುವವರೆಗೆ ನಕ್ಕರು.

ಮತ್ತೆ ಉಜ್ಜಿದರು, ತಗಡು ಬೆಳ್ಳಗೆ ಹೊಳೆಯುವವರೆಗೆ. ಈ ಸಲ ನಾನು ಅಲ್ಲಿಂದ ಕದಲಲಿಲ್ಲ. ಬೋಲ್ಟ್ ಬಿಗಿದರು, ಎಂಜಿನ್ ಹಾಕಿದರು, ದನಿ ಪೂರ್ತಿ ಏರಿಸಿದರು. ಕೊರೆತ ಇಲ್ಲ. ಒತ್ತಿದರೂ ಇಲ್ಲ, ಬಿಟ್ಟರೂ ಇಲ್ಲ. ಮೇಲಿನ ಮನೆಯವರು ಕಿಟಕಿ ತೆರೆದು ಏನಾಯಿತು ಎಂದರು. "ನಮ್ಮನೆಯವರು ಆಂಪ್ಲಿಫೈಯರ್ ಹಾಕಿದ್ದಾರೆ" ಎಂದು ಕೊನೆಯ ಸ್ಟಾಪಿನವರೆಗೆ ಕೇಳುವಂತೆ ಕೂಗಿ ಹೇಳಿದೆ. ಹೆಮ್ಮೆಯನ್ನು ಮೆಲ್ಲಗೆ ಹೇಳುವ ಅಭ್ಯಾಸ ನನಗಿಲ್ಲ.

ಆದರೆ ಇವರು ಡಿಕ್ಕಿ ಮುಚ್ಚಲಿಲ್ಲ. ಬೋಲ್ಟಿನ ಸುತ್ತ ಕಾಣುತ್ತಿದ್ದ ಬಿಳಿ ಉಂಗುರವನ್ನೇ ನೋಡುತ್ತ ನಿಂತಿದ್ದರು.

"ಇನ್ನೇನ್ರೀ?"

"ಬೆತ್ತಲೆ ಇದೆ."

"ಇರಲಿ ಬಿಡಿ. ಕಾಗದದಲ್ಲೇ ಹಾಗಂತ ಬರೆದಿದೆ."

"ಬಿಗಿಯೋವಾಗ ಬೆತ್ತಲೆ ಇರಬೇಕು ಅಂತ ಬರೆದಿದೆ. ಬಿಗಿದ ಮೇಲೂ ಇರಬೇಕು ಅಂತ ಎಲ್ಲಿ ಬರೆದಿದೆ?" ಇವರ ಮುಖ ಅರಳಿತು. "ಒಳಗೆ ತಗಡಿಗೆ ತಗಡು ಕಚ್ಚಿಕೊಂಡಿದೆ. ಈಗ ಮೇಲಿಂದ ಮುಚ್ಚಿದ್ರೆ ಕರೆಂಟಿಗೆ ಏನೂ ಆಗಲ್ಲ, ತುಕ್ಕಿಗೆ ದಾರಿ ಇಲ್ಲ."

ಹೇಳಿದವರೇ ಸಾಮಾನಿನ ಪೆಟ್ಟಿಗೆಗೆ ಕೈ ಹಾಕಿದರು. ನಾನು ಆ ಕೈ ಹಿಡಿದೆ. ಡಾಕ್ಟರು ಹೇಳಿದ್ದು ಇಬ್ಬರಿಗೂ ನೆನಪಿತ್ತು. ಇವರು ನಮ್ಮ ಕಾರಿನ ಆ ಹಸಿರಿನ ಸಣ್ಣ ಬುಡ್ಡಿಯನ್ನೂ ಪ್ರೈಮರನ್ನೂ ಬ್ರಷ್ಷುಗಳನ್ನೂ ನನ್ನ ಕೈಗೆ ಕೊಟ್ಟರು. ಬ್ರಷ್ ಕೆಳಗಿಡು ಎಂದವರು ಬ್ರಷ್ ಹಿಡಿ ಎಂದರು. ತಾವು ಹತ್ತು ಹೆಜ್ಜೆ ದೂರ, ಗಾಳಿ ಬರುವ ಕಡೆ ಹೋಗಿ ನಿಂತರು. ಅಲ್ಲಿಂದಲೇ, "ಕಡಿಮೆ ಅದ್ದು. ಅಂಚಿಂದ ಒಳಗೆ ಬಾ. ಎರಡು ಸಲ ಎಳೀಬೇಡ" ಎಂದು ಹೇಳುತ್ತಿದ್ದರು. ಬೂದು ಬಣ್ಣ ಒಣಗಿದ ಮೇಲೆ ಹಸಿರು ಬಳಿದೆ, ಬೋಲ್ಟಿನ ತಲೆಯೂ ವೈರಿನ ತುದಿಯೂ ಮುಚ್ಚುವಂತೆ. ಬೆರಳಿನ ಉಗುರಿನಷ್ಟು ಕೆಲಸ. ನನ್ನ ಬೆನ್ನು ಬೆವರಿಗೆ ಒದ್ದೆಯಾಗಿತ್ತು.

ಸೋಮವಾರ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡು ನಾನೂ ಜೊತೆಗೆ ಹೋದೆ. ಮೇಡಂ ಗಿಡ್ಡಗೆ, ಕೂದಲು ಕತ್ತರಿಸಿಕೊಂಡ ಹೆಂಗಸು. ಕಾರಿನಲ್ಲಿ ಕುಳಿತು, ಗಾಜುಗಳನ್ನು ಏರಿಸಿ, ಹಾಡು ಹಾಕಲೇ ಇಲ್ಲ. ದನಿಯನ್ನು ಪೂರ್ತಿ ಏರಿಸಿ ಎಂಜಿನ್ ಮಾತ್ರ ಶುರು ಮಾಡಿದರು. "ಹಾಡು ಎಲ್ಲರೂ ಕೇಳಿಸ್ತಾರೆ. ನನಗೆ ಮೌನ ಕೇಳಿಸಬೇಕು" ಎಂದರು. ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದರು, ಜೋರಾಗಿ ಒತ್ತಿದರು. ಹಿಂದಿನ ಸೀಟಿನಲ್ಲಿ ನಾನು ಕಿವಿಗೊಟ್ಟು ಕುಳಿತಿದ್ದೆ. ಸ್ಪೀಕರುಗಳಿಂದ ಒಂದು ಸೊಳ್ಳೆಯ ದನಿಯೂ ಬರಲಿಲ್ಲ.

ಆಮೇಲೆ ಇಳಿದು, ಟಾರ್ಚ್ ಹಿಡಿದು, ಫ್ಯೂಸ್ ನೋಡಿದರು, ಮ್ಯಾಟು ಎತ್ತಿ ವೈರು ನೋಡಿದರು, ಡಿಕ್ಕಿಗೆ ಬಂದರು. ಟಾರ್ಚ್ ನಿಂತಿತು.

"ಇದೇನು ಮೇಷ್ಟ್ರೇ? ಮೈಗೆ ಬಿಗಿಯೋ ಬೋಲ್ಟ್ ಎಲ್ಲಿ? ಇಲ್ಲಿ ಬರೀ ಬಣ್ಣ ಇದೆ."

ಇವರು ಬೇಕಾದಷ್ಟನ್ನು ಮಾತ್ರ ಹೇಳಿ ಸುಮ್ಮನಿರಬಹುದಿತ್ತು. ಇವರಿಗೆ ಆ ವಿದ್ಯೆ ಬರುವುದಿಲ್ಲ. ಶನಿವಾರದ ಪ್ರೈಮರಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದರು. "ನಾನು ಮೊದಲು ಬಳಿದು ಆಮೇಲೆ ಬಿಗಿದೆ. ಅದು ತಪ್ಪು. ಮೊದಲು ಬಿಗೀಬೇಕು, ಆಮೇಲೆ ಬಳೀಬೇಕು. ಬೋಲ್ಟ್ ಬಣ್ಣದ ಕೆಳಗಿದೆ ಮೇಡಂ." ನಾನು ಹಿಂದಿನಿಂದ ಇವರ ಅಂಗಿ ಜಗ್ಗಿದೆ, ಪ್ರಯೋಜನವಾಗಲಿಲ್ಲ.

ಮೇಡಂ ಆ ಹಸಿರು ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದರು. ಒಳಗೆ ತಿರುಗಿ ಇಬ್ಬರು ಫಿಟ್ಟರುಗಳನ್ನೂ ಕರೆದರು. "ಬಗ್ಗಿ ನೋಡಿ. ವರ್ಷ ಆದ ಮೇಲೆ ಕುಂಯ್ ಅಂತಿದೆ ಅಂತ ಕಾರುಗಳು ವಾಪಸ್ ಬರ್ತವಲ್ಲ, ಯಾವ ಜಾಗ ತುಕ್ಕು ಹಿಡಿದಿರುತ್ತೆ?"

"ಇದೇ ಜಾಗ ಮೇಡಂ."

"ಇದು ವಾಪಸ್ ಬರಲ್ಲ. ಇನ್ನು ಮೇಲೆ ನಮ್ಮ ಅಂಗಡಿಯಿಂದ ಹೋಗೋ ಕಾರೆಲ್ಲ ಹೀಗೇ ಹೋಗಬೇಕು. ಮೇಷ್ಟ್ರು ಹೇಳಿಕೊಡ್ತಾರೆ." ಇಷ್ಟು ಹೇಳಿ, ಗೋಡೆಯ ಮೊಳೆಗೆ ನೇತುಹಾಕಿದ್ದ ನೀಲಿ ಕೋಟೊಂದನ್ನು ತೆಗೆದು ಇವರ ಕೈಗಿಟ್ಟರು. ನಾನು ಕಣ್ಣೊರೆಸಿಕೊಂಡು ಟಿಕೆಟ್ ಚೀಲ ಸರಿಮಾಡಿಕೊಂಡೆ.

ಮೇಡಂ ಇನ್ನೊಮ್ಮೆ ಟಾರ್ಚ್ ಬಿಟ್ಟು ನೋಡಿದರು. "ಬಣ್ಣ ಅಂದ್ರೆ ಬಣ್ಣ ಮೇಷ್ಟ್ರೇ. ಕೈ ಹಾಗೇ ಇದೆ ನಿಮ್ಮದು."

"ಕೈ ನನ್ನದಲ್ಲ ಮೇಡಂ. ನನಗೆ ಡಾಕ್ಟರು ಬಿಡಲ್ಲ. ಬಳಿದಿದ್ದು ಇವಳು." ಇವರು ಬಗ್ಗಿ, ಕನ್ನಡಕ ಏರಿಸಿ, ನನ್ನ ಉಗುರಿನಷ್ಟು ಕೆಲಸವನ್ನು ಒಂದು ನಿಮಿಷ ನೋಡಿದರು. "ಎಡಗಡೆ ಒಂದು ಚೂರು ದಪ್ಪ ಆಗಿದೆ" ಎಂದರು. ಆಮೇಲೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದರು, "ಕಲೀತಾಳೆ."

ಆ ಮಾತು ಮೂವತ್ತೇಳು ವರ್ಷದಲ್ಲಿ ಇಬ್ಬರಿಗೆ ಸಿಕ್ಕಿತ್ತು. ಮೂರನೆಯವಳು ನಾನು.